ಮಿರಜಿನಲ್ಲಿ ಅತ್ತೆಯ ನರಪರೀಕ್ಷೆ

ನಮ್ಮ ಅತ್ತೆಗೆ ನೋವಿತ್ತೋ, ನೋವಿಗೇ ನಮ್ಮ ಅತ್ತೆ ಇದ್ದರೋ ಎಂಬ ಪ್ರಶ್ನೆ ರಾಯಬಾಗದ ನಮ್ಮ ಮನೆಯಲ್ಲಿ ಹತ್ತು ವರ್ಷ ಇತ್ಯರ್ಥವಾಗದೆ ಉಳಿದಿತ್ತು. ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರಿಗೆಲ್ಲ ಕುಪ್ಪಸ ಹೊಲಿದು ಕೊಡುತ್ತಿದ್ದರು. ಎಡಗೈಯ ಮೊಣಕೈಯಿಂದ ಬೆರಳ ತುದಿಯವರೆಗೆ ಅವರಿಗೆ ಉರಿ. ನೋವಾದವರು ನರಳುತ್ತಾರೆ, ಅತ್ತೆ ವರದಿ ಕೊಡುತ್ತಿದ್ದರು. ಈಗಿನದು ಇರುವೆ ಹರಿದಾಡುವ ಬಗೆಯದು, ಮಧ್ಯಾಹ್ನದ ಹೊತ್ತಿಗೆ ಹಸಿಮೆಣಸಿನಕಾಯಿ ಹೆಚ್ಚಿದ ಬಗೆಗೆ ತಿರುಗಬಹುದು, ಎಂದು. ಹೇಳುವಾಗ ಮುಖದಲ್ಲಿ ಸಂಕಟಕ್ಕಿಂತ ಕುತೂಹಲವೇ ಹೆಚ್ಚು. ಇಷ್ಟು ಚಂದ ಮಾಡಿ ಬಣ್ಣಿಸುವವರಿಗೆ ನಿಜವಾಗಿ ನೋಯುತ್ತದೆಯೇ? ಯಾರೂ ನಂಬಲಿಲ್ಲ. ನೋವು ಅವಳ ಕೈಯಲ್ಲಿಲ್ಲ, ತಲೆಯಲ್ಲಿದೆ ಎಂದು ಅಪ್ಪ ಯಾವತ್ತೋ ತೀರ್ಪು ಕೊಟ್ಟಾಗಿತ್ತು.

ನಾನು ಕಾಲೇಜು ಓದುತ್ತಿದ್ದ ವರ್ಷ, ಚಿಕ್ಕೋಡಿಯ ಡಾಕ್ಟರೊಬ್ಬರು ಮಿರಜಿಗೆ ಹೋಗಿ ನರಗಳ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಚೀಟಿ ಬರೆದರು. ಅಪ್ಪ ಒಪ್ಪಿದರು, ಆದರೆ ಒಂದು ಕರಾರು ಹಾಕಿದರು. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಮುಂದೆ ಈ ಮನೆಯಲ್ಲಿ ಕೈನೋವಿನ ಮಾತು ಎತ್ತಬಾರದು. ಅತ್ತೆ ಕಣ್ಣು ಮಿಟುಕಿಸದೆ ಹೂಂ ಎಂದರು.

ಪರೀಕ್ಷೆಯಲ್ಲಿ ಮೈಗೆ ಕರೆಂಟು ಹಾಯಿಸುತ್ತಾರೆಂದು ಪಕ್ಕದ ಮನೆಯವರು ಹೆದರಿಸಿದರು. ಅತ್ತೆ ಹೆದರಲಿಲ್ಲ, ಅಧ್ಯಯನಕ್ಕೆ ಇಳಿದರು. ಓಣಿಯ ಕಂಬ ಹತ್ತಿದ್ದ ಲೈನ್‌ಮನ್‌ನನ್ನು ಕೆಳಗೆ ಕರೆದು, ಎಷ್ಟು ಕರೆಂಟು ಹೊಡೆದರೆ ಮನುಷ್ಯ ಸಾಯುತ್ತಾನೆ, ಎಷ್ಟು ಹೊಡೆದರೆ ಸಾಯುವುದಿಲ್ಲ ಎಂದು ವಿಚಾರಿಸಿದರು. ಪಾಪ, ಆತ ಅವತ್ತೇ ಸಂಜೆ ಅಪ್ಪನನ್ನು ಹುಡುಕಿಕೊಂಡು ಬಂದು, ಮನೆಯಲ್ಲಿ ಎಲ್ಲ ಕ್ಷೇಮವೇ, ಅಕ್ಕನವರಿಗೆ ಏನಾದರೂ ಬೇಜಾರಾಗಿದೆಯೇ ಎಂದು ಮೆಲ್ಲಗೆ ಕೇಳಿ ಹೋದ!

ಅತ್ತೆಯ ಜೊತೆಗೆ ನನ್ನನ್ನು ಕಳಿಸಿದರು. ರೈಲಿನಲ್ಲಿ ಎದುರಿಗೆ ಕೂತ ಅಜ್ಜನೊಬ್ಬ ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದೇ ತಪ್ಪು. ಅತ್ತೆ ತಮ್ಮದನ್ನು ಹೇಳಿ, ಅವನ ಮೊಣಕಾಲಿನ ವಿಚಾರ ತೆಗೆದರು. ಚುಚ್ಚುತ್ತದೋ ಸೆಳೆಯುತ್ತದೋ, ಕೂತಾಗಲೋ ನಿಂತಾಗಲೋ? ಉಗಾರ ದಾಟುವಷ್ಟರಲ್ಲಿ ಡಬ್ಬಿಯ ಅರ್ಧ ಜನ ತಮ್ಮ ತಮ್ಮ ನೋವು ಹಿಡಿದುಕೊಂಡು ನಮ್ಮ ಬಾಕಿನ ಸುತ್ತ ನಿಂತಿದ್ದರು. ಇಳಿಯುವಾಗ ಒಬ್ಬಾಕೆ, ನೀವು ಯಾವ ದವಾಖಾನೆಯಲ್ಲಿ ಕೂರುತ್ತೀರಿ ಎಂದು ಕೇಳಿದಳು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮಂಚ, ಟೀವಿಯಂಥ ಪರದೆ, ಒಂದು ರಾಶಿ ವೈರು. ಅಲ್ಲಿದ್ದ ನಡುವಯಸ್ಸಿನ ಹೆಂಗಸು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಬೆಳಿಗ್ಗೆ ಅತ್ತೆ ಕೈಗೆ ಮಂದವಾಗಿ ಎಣ್ಣೆ ಹಚ್ಚಿಕೊಂಡಿದ್ದರಿಂದ ತಂತಿಯ ಪಟ್ಟಿಗಳು ಅಂಟಲೇ ಇಲ್ಲ. ಮೂರು ಸಲ ಸ್ಪಿರಿಟ್ಟಿನಿಂದ ಒರೆಸಬೇಕಾಯಿತು. ಕೈ ತಣ್ಣಗಿದ್ದರೆ ನರ ನಿಧಾನವಾಗಿ ಓಡುತ್ತದೆಂದು ಬಿಸಿನೀರಿನಲ್ಲಿ ಅದ್ದಿಸಿ ಕೂರಿಸಿದರು. ಕಟ್ಟುವ ಪಟ್ಟಿ ತೊಗಲಿನದೋ ಏನೋ ಎಂದು ಅತ್ತೆಗೆ ಅನುಮಾನ. ತೊಗಲು ಮುಟ್ಟದ ಜೈನರ ಮನೆಯವರು ನಾವು. ಬಟ್ಟೆಯದು ಎಂದು ತೋರಿಸಿದ ಮೇಲೆ, ಅದರ ಹೊಲಿಗೆ ಸರಿಯಿಲ್ಲ ಎಂದರು.

"ಮಾವಶಿ, ಕೈ ಸಡಿಲ ಬಿಡ್ರಿ," ಎಂದು ಆಕೆ ಗುಂಡಿ ಒತ್ತಿದರು. ಟಕ್ ಎಂದು ಅತ್ತೆಯ ಹೆಬ್ಬೆರಳು ತಾನಾಗಿ ಹಾರಿತು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಬೆರಳನ್ನೇ ನೋಡುತ್ತ, "ಇದನ್ನ ನಾ ಅಲ್ಲಾಡ್ಸಿಲ್ಲ ನೋಡ್ರಿ. ಇನ್ನೊಮ್ಮೆ ಮಾಡ್ರಿ," ಎಂದರು. ರಬ್ಬರು ಎಳೆದು ಹೊಡೆದ ಹಾಗೆ ಅಷ್ಟೇ, ಲೈನ್‌ಮನ್ ಸುಮ್ಮನೆ ಹೆದರಿದ ಎಂದು ಆಮೇಲೆ ನನಗೆ ವಿವರಿಸಿದರು.

ನಂತರ ಡಾಕ್ಟರು ಬಂದು ತೋಳಿಗೆ ಸಣ್ಣ ಸೂಜಿ ಚುಚ್ಚಿದರು. ಅದು ನೋಯಿತು. ಅತ್ತೆ ತುಟಿ ಕಚ್ಚಿದ್ದನ್ನು ನಾನು ಕಂಡೆ. ಆದರೆ ಮುಷ್ಟಿ ಬಿಗಿಹಿಡಿಯಿರಿ ಎಂದ ಕೂಡಲೆ ಯಂತ್ರ ತಗಡಿನ ಮೇಲೆ ಮಳೆ ಬಿದ್ದಂತೆ ಚಟಪಟ ಸದ್ದು ಮಾಡಿತು. ಬಿಟ್ಟರೆ ನಿಶ್ಶಬ್ದ. ಹಿಡಿದರೆ ಮಳೆ. ಇದು ನನ್ನ ಕೈಯ ಸದ್ದೇ ಎಂದು ಅತ್ತೆ ಕೇಳಿದರು. ನಿಮ್ಮ ಸ್ನಾಯುವಿನದೇ ಎಂದರು ಡಾಕ್ಟರು. ಅತ್ತೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಆಡಿಸತೊಡಗಿದಾಗ ಅವರೇ ನಕ್ಕು ಸೂಜಿ ತೆಗೆದರು.

ಎಲ್ಲ ಮುಗಿದ ಮೇಲೆ ಡಾಕ್ಟರು ನರ, ಸ್ನಾಯು ಎರಡೂ ಸರಿ ಇವೆ ಎಂದು ಹೇಳಿದರು. ನನಗೆ ಖುಷಿಯಾಯಿತು. ಅತ್ತೆಯ ಮುಖ ನೋಡಿದೆ; ಅಲ್ಲಿದ್ದ ಕುತೂಹಲವೆಲ್ಲ ಒಮ್ಮೆಲೇ ಆರಿಹೋಗಿತ್ತು. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

"ಹಂಗಾದ್ರ ಹತ್ತು ವರ್ಷ ನಾ ಸುಳ್ಳ ಹೇಳಾಕತ್ತೀನೇನ್ರಿ?"

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ಇಲ್ರಿ. ಈ ಯಂತ್ರಕ್ಕ ದಪ್ಪ ನರದ ಸುದ್ದಿ ಅಷ್ಟ ತಿಳಿತೈತಿ. ಉರಿ ಒಯ್ಯೂವು ಭಾಳ ಸಣ್ಣ ನರ, ಅವು ಇದ್ರಾಗ ಕಾಣೂದಿಲ್ಲ. ನಿಮ್ಮ ನೋವು ಖರೇನ ಐತ್ರಿ."

ಅತ್ತೆ, ಕೊನೆಯ ಆ ಮಾತನ್ನು ಕಾಗದದ ಮೇಲೆ ಬರೆದುಕೊಡುತ್ತೀರಾ ಎಂದು ಕೇಳಿದರು. ಡಾಕ್ಟರಿಗೆ ಕನ್ನಡ ಬರೆಯಲು ಬಾರದು; ವರದಿಯ ಕೆಳಗೆ, ಅಪ್ಪನಿಗೂ ಓದಲು ಬರುವ ಮರಾಠಿಯಲ್ಲಿ ಎರಡು ಸಾಲು ಬರೆದು ಸಹಿ ಮಾಡಿದರು. ಒಂದು ಗುಳಿಗೆಯನ್ನೂ ಬರೆದರು. ಅದರಿಂದ ಉರಿ ಮುಂದೆ ಒಂದಿಷ್ಟು ತಗ್ಗಿತು, ಹೋಗಲಿಲ್ಲ.

ಮರಳುವ ರೈಲಿನಲ್ಲಿ ಅತ್ತೆ ಯಾರ ನೋವನ್ನೂ ವಿಚಾರಿಸಲಿಲ್ಲ. ಹೊತ್ತು ಮುಳುಗುವ ಮುಂಚೆ ಮನೆ ಸೇರಿದೆವು. ಅತ್ತೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ನಾನು ಕಾಗದವನ್ನು ಅಪ್ಪನಿಗೆ ಕೊಟ್ಟೆ. ಎಲ್ಲ ಸರಿಯಿದೆಯಂತೆ ಎಂದು ಓದುತ್ತ ಹೋದ ಅಪ್ಪ ಕೆಳಗಿನ ಎರಡು ಸಾಲಿಗೆ ಬಂದು ನಿಂತರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ.

ಅತ್ತೆ ಕಲ್ಲಿನ ಮೇಲೆ ಕೂತು ನೀರು ಸುರುವಿಕೊಳ್ಳುತ್ತಿದ್ದರು. ಅಪ್ಪ ಎದುರಿಗೆ ಹೋಗಿ ನಿಂತರು.

"ಎಲ್ಲಿ ನೋಯ್ತೈತಿ ತಂಗೀ? ತೋರ್ಸು," ಎಂದರು.

ಅತ್ತೆ ತಲೆಯೆತ್ತಲಿಲ್ಲ. ಒದ್ದೆಗೈಯನ್ನು ಮುಂದೆ ಚಾಚಿದರು. ಒತ್ತಬೇಕೋ ಸವರಬೇಕೋ ಅಪ್ಪನಿಗೆ ತಿಳಿಯಲಿಲ್ಲ. ಧೋತರ ಒದ್ದೆಯಾಗುತ್ತಿದ್ದರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.