ಹೆಂಡತಿಯ ಹಿಂದೆ ಜರ್ಮನಿಗೆ

ಮಾಸ್ತರನಾದವನು ನಲವತ್ತೆಂಟನೇ ವಯಸ್ಸಿನಲ್ಲಿ ಪರೀಕ್ಷೆಗೆ ಕೂರಬಾರದು. ನಾನು ಮೂರು ಸಲ ಕೂತೆ. ಗದಗಿನಿಂದ ದಿನಾ ಬಸ್ಸು ಹಿಡಿದು ಶಿರಹಟ್ಟಿಯ ಹೈಸ್ಕೂಲಿಗೆ ಹೋಗಿ ಇಂಗ್ಲಿಷ್ ಕಲಿಸುವ ನನಗೆ, ಭಾಷೆ ಯಾವುದಾದರೇನು, ವ್ಯಾಕರಣ ಗೊತ್ತಿದ್ದರೆ ಸಾಕು ಎಂಬ ಗರ್ವವಿತ್ತು.

ನನ್ನ ಹೆಂಡತಿ ಗಿರಿಜಾ ನರ್ಸು. ಜರ್ಮನಿಯ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕುತ್ತೇನೆಂದು ಅವಳು ಹೇಳಿದಾಗ ನಾನು ನಕ್ಕಿದ್ದೆ. ರೊಟ್ಟಿ ಬಡಿಯುತ್ತ ಫೋನಿನಲ್ಲಿ ಪಾಠ ಕೇಳಿ, ಒಂದೂವರೆ ವರ್ಷದಲ್ಲಿ ಎಲ್ಲ ಪರೀಕ್ಷೆ ಮುಗಿಸಿ, ಅವಳ ಕೈಗೆ ವೀಸಾ ಬಂದ ದಿನ ನನ್ನ ನಗು ನಿಂತಿತು. ಜೊತೆಗೆ ಹೋಗುವ ಗಂಡನೂ ಮೊದಲ ಹಂತದ ಜರ್ಮನ್ ಪರೀಕ್ಷೆ ಪಾಸಾಗಬೇಕಿತ್ತು.

“ನಿಮಗೇನು ಬಿಡ್ರಿ, ಮಾಸ್ತರು” ಎಂದಳು. ನಾನದನ್ನು ಹೊಗಳಿಕೆ ಎಂದುಕೊಂಡು, ಪುಸ್ತಕ ಮುಟ್ಟದೆ ಹೋಗಿ ಫೇಲಾಗಿ ಬಂದೆ.

ಎರಡನೆಯ ಸಲ ಗಿರಿಜಾಳೇ ನನಗೆ ಪಾಠಕ್ಕೆ ಕೂತಳು. ಮನೆಯಲ್ಲಿ ದಿನಾ ಏನೇನು ಕೆಲಸ ಮಾಡುತ್ತೀರಿ ಎಂದು ಜರ್ಮನ್‌ನಲ್ಲಿ ಕೇಳಿದಳು. ಗುಡಿಸುವುದು, ಒಗೆಯುವುದು, ಕುದಿಸುವುದು, ಎಲ್ಲ ಪದಗಳೂ ನನಗೆ ಬಾಯಿಪಾಠವಾಗಿದ್ದವು. ಹೇಳಿಕೊಳ್ಳಲು ಕೆಲಸವೇ ಇರಲಿಲ್ಲ. “ಚಹಾ ಕುಡಿಯುತ್ತೇನೆ” ಎಂದೆ.

“ವ್ಯಾಕರಣ ಬರೋಬ್ಬರಿ ಐತ್ರಿ” ಎಂದಳು, ನಗದೆ.

ಪರೀಕ್ಷೆಯಲ್ಲಿ ನನ್ನ ಮುಂದೆ ಒಂದು ಚಿತ್ರ ಇಟ್ಟರು. ನೀರಿನ ಲೋಟ. ಅದನ್ನು ಕೊಡುವಂತೆ ಎದುರಿನವರನ್ನು ವಿನಯದಿಂದ ಕೇಳಬೇಕು. “ನೀರು ತಾ” ಎಂದೆ, ಅಚ್ಚ ಜರ್ಮನ್‌ನಲ್ಲಿ. ಪರೀಕ್ಷಕಿ ಇನ್ನೊಂದು ಮಾತು ಬರುತ್ತದೆಂದು ಕಾದಳು. ನಾನು ನೀರು ಬರುತ್ತದೆಂದು ಕಾದೆ.

ಎರಡನೇ ಸಲ ಫೇಲಾದ ಸುದ್ದಿ ಕೇಳಿ ಗಿರಿಜಾಗೆ ಆಶ್ಚರ್ಯವೇನೂ ಆಗಲಿಲ್ಲ. “ಇಪ್ಪತ್ತು ವರ್ಷ ನನಗ ಹಂಗ ಕೇಳೀರಿ. ಆಕಿ ಏನು ನಿಮ್ಮ ಹೇಣ್ತಿ ಏನ್ರಿ, ಎದ್ದು ತಂದು ಕೊಡಾಕ?” ಎಂದಳು. ಮರುವಾರ ಒಬ್ಬಳೇ ವಿಮಾನ ಹತ್ತಿದಳು.

ಮುಂದಿನ ಆರು ತಿಂಗಳು ನಾನು ಕಲಿತದ್ದು ಜರ್ಮನ್ ಒಂದನ್ನೇ ಅಲ್ಲ. ಹಿಟ್ಟು ನಾದಿದೆ, ನನ್ನ ರೊಟ್ಟಿ ಹಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಅಂಗಿಯ ಕಾಲರು ತಾನಾಗಿ ಬಿಳಿಯಾಗುವುದಿಲ್ಲ ಎಂಬುದು ತಿಳಿಯಿತು. ದುಡಿದು ಬಂದವರು ಮನೆಯಲ್ಲಿ ಮತ್ತೆ ದುಡಿಯುವುದೆಂದರೇನು ಎಂಬುದು ಸಂಜೆ ಶಿರಹಟ್ಟಿ ಬಸ್ಸಿಳಿದು ಪಾತ್ರೆಗಳ ಮುಂದೆ ನಿಂತಾಗ ಗೊತ್ತಾಯಿತು. ಮೂರನೆಯ ಸಲ ಪರೀಕ್ಷಕರು ಮನೆಗೆಲಸದ ಬಗ್ಗೆ ಕೇಳಿದಾಗ ನಾನು ಎಷ್ಟು ಹೇಳಿದೆನೆಂದರೆ, ಅವರೇ ಕೈಯೆತ್ತಿ ನಿಲ್ಲಿಸಬೇಕಾಯಿತು.

ಪಾಸಾದೆ. ತಕ್ಷಣ ಗಿರಿಜಾಗೆ ಫೋನು ಮಾಡಿ, “ರಾಜೀನಾಮೆ ಬರದು ಇಟ್ಟೀನಿ. ಯಾವಾಗ ಬರಲಿ?” ಎಂದೆ.

ಅವಳು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. “ಖರೆ ಹೇಳ್ಲಿ? ಡ್ಯೂಟಿ ಮುಗಿಸಿ ಬಂದು ಸುಮ್ನ ಕುಂಡ್ರಾಕತ್ತೀನ್ರಿ. ಯಾರಿಗೂ ಏನೂ ಮಾಡಿ ಕೊಡೂದಿಲ್ಲ. ಇನ್ನೊಂದು ವರ್ಷ ಹಿಂಗ ಇರ್ತೀನಿ.”

“ನಾ ಈಗ ಎಲ್ಲಾ ಕಲ್ತೀನಿ ಗಿರಿಜಾ” ಎಂದೆ.

“ಚೊಲೊ ಆತು ಬಿಡ್ರಿ. ಅಲ್ಲೇ ಉಪಯೋಗ ಆಕ್ಕೈತಿ” ಎಂದಳು.

ಸಿಟ್ಟಿನಿಂದಲ್ಲ, ಸಮಾಧಾನದಿಂದಲೇ ಹೇಳಿದಳು. ಹೇಳಿದ್ದು ಕನ್ನಡದಲ್ಲಿ, ಅದೂ ನಮ್ಮ ಗದಗಿನ ಕನ್ನಡದಲ್ಲಿ. ಅರ್ಥವಾಗಲಿಲ್ಲ ಎನ್ನಲು ನನಗೆ ನೆಪವೂ ಇರಲಿಲ್ಲ.