ಎಡಗಾಲಿನ ನೇಮಕಾತಿ

ಸೇನೆಗೆ ಸೇರುವವನಿಗೆ ಎರಡು ಕಾಲಿರತಕ್ಕದ್ದು ಎಂಬುದು ನಿಯಮ. ಎರಡೂ ಒಂದೇ ದಿನ ಸರಿಯಾಗಿರತಕ್ಕದ್ದು ಎಂಬುದು ಅದರ ಉಪನಿಯಮ.

ಬಣ್ಣದ ಮೇಸ್ತ್ರಿಯ ಮಗ ಈ ಉಪನಿಯಮಕ್ಕೆ ಸಿಕ್ಕಿಬಿದ್ದವನು. ಹಿಂದೊಮ್ಮೆ ಏಣಿಯಿಂದ ಬಿದ್ದು ಉಳುಕಿದ ಅವನ ಎಡಗಾಲು ಮಲಗಿದರೆ ವಾಸಿಯಾಗುತ್ತಿತ್ತು, ಓಡಿದರೆ ಊದಿಕೊಳ್ಳುತ್ತಿತ್ತು. ಸೇನೆಯಲ್ಲಿ ಮಲಗುವ ಪರೀಕ್ಷೆ ಇರಲಿಲ್ಲ.

ಅಭ್ಯಾಸಕ್ಕೆ ಅವನ ಅಕ್ಕನೂ ದಿನಾ ಮೈದಾನಕ್ಕೆ ಹೋಗುತ್ತಿದ್ದಳು. ತಮ್ಮ ಕುಂಟಿದರೆ ಹಿಡಿದುಕೊಳ್ಳಲೆಂದು ಪಕ್ಕದಲ್ಲೇ ಓಡಿ ಓಡಿ, ಅವನು ಕಲಿಯಬೇಕಾದದ್ದನ್ನೆಲ್ಲ ತಾನು ಕಲಿತುಬಿಟ್ಟಳು. ಸೇನೆಯ ಆಸೆ ಅವಳಿಗೂ ಇತ್ತು. ಆದರೆ ಆ ಹುದ್ದೆಗೆ ಹೆಂಗಸರು ಅರ್ಹರಲ್ಲವೆಂದು ನೇಮಕಾತಿ ಕಚೇರಿಯ ಗೋಡೆಯ ಮೇಲೆ ಬರೆದಿತ್ತು. ಬರೆದವನು ಅವಳ ಅಪ್ಪನೇ, ಅಕ್ಷರ ದುಂಡಗಿದ್ದವು.

ಆಯ್ಕೆಯ ದಿನ ವೈದ್ಯರು ಕಾಲನ್ನು ತಿರುಗಿಸಿ ನೋಡಿ, ಲೋಪವಿಲ್ಲವೆಂದು ಮೊಹರು ಹೊಡೆದರು. ಓಟದ ನಡುವೆ ಲೋಪ ಬಂತು. ತಮ್ಮ ಕುಸಿದು ಕೂತ. ಅಕ್ಕ ಬೇಲಿ ಹಾರಿ ಬಂದು, ಅವನನ್ನು ಬೆನ್ನಿಗೆ ಹಾಕಿಕೊಂಡು ಓಡಿದಳು. ಇಳಿಸು, ಮಾನ ಹೋಗುತ್ತೆ ಎಂದು ಅವನು ಕಿವಿಯಲ್ಲಿ ಗೋಗರೆದ. ಓಡುವಾಗ ಮಾತಿಗೆ ಉಸಿರು ಪೋಲು ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಇಬ್ಬರೂ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರು.

ನೇಮಕಾತಿ ಅಧಿಕಾರಿ ವಿವರಣೆ ಕೇಳಿದರು. ಕಾಲು ಕೈಕೊಟ್ಟಿತು ಎಂದ ತಮ್ಮ. ಒಂದು ಅಂಗ ಇನ್ನೊಂದರ ಕೆಲಸ ಮಾಡುವುದಕ್ಕೆ ಪೂರ್ವಾನುಮತಿ ಬೇಕೆಂದು ಅಧಿಕಾರಿ ಆಕ್ಷೇಪಿಸಿದರು. ಆದರೆ ಆ ಕಾಲು ಕೆಟ್ಟಿದೆ ಎಂದರೆ ವೈದ್ಯರ ಮೊಹರು ಸುಳ್ಳಾಗುತ್ತಿತ್ತು. ಮೊಹರು ಸುಳ್ಳಾಗುವ ಪದ್ಧತಿ ಅಲ್ಲಿರಲಿಲ್ಲ. ಲೋಪವಿಲ್ಲದ್ದೇನೋ ಒಂದು ಓಡಿ ಗೆದ್ದದ್ದನ್ನಂತೂ ಎಲ್ಲರೂ ನೋಡಿದ್ದರು. ಊಟದ ವಿರಾಮದ ನಂತರ ಆದೇಶ ಹೊರಬಿತ್ತು: "ಓಟದ ಮಟ್ಟಿಗೆ ಅಭ್ಯರ್ಥಿಯ ಅಕ್ಕನನ್ನು ಅವನ ಎಡಗಾಲೆಂದು ಪರಿಗಣಿಸತಕ್ಕದ್ದು."

ಹೆಂಗಸರಿಗಿದ್ದ ನಿಷೇಧ ಕಾಲುಗಳಿಗೆ ಇರಲಿಲ್ಲ.

ಉಗ್ರಾಣದವನು ತಮ್ಮನಿಗೆ ಸಮವಸ್ತ್ರ ಮತ್ತು ಬಲಗಾಲಿನ ಬೂಟು ಕೊಟ್ಟ. ಅಕ್ಕನಿಗೆ ಎಡಗಾಲಿನದು ಕೊಟ್ಟ.

"ಇದರ ಜೋಡಿ?" ಅಂತ ಅವಳು ಕೇಳಿದಳು.

"ನೀವು ಒಂದೇ ಕಾಲಲ್ವೇನಮ್ಮಾ?" ಅಂದ ಅವನು, ಬೇಸರಿಸಿಕೊಳ್ಳದೆ.

ತಮ್ಮ ತನ್ನ ಬೂಟು ಬಿಚ್ಚಿ ಅಕ್ಕನ ಮುಂದಿಟ್ಟ. ಅದು ಅವಳಿಗೆ ಸ್ವಲ್ಪ ದೊಡ್ಡದಾಯಿತು. ಬಟ್ಟೆ ತುರುಕಿ ಹಾಕಿಕೊಂಡಳು. ಅವತ್ತು ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಓಡಿಯೇ ಹೋದಳಂತೆ, ಯಾರೂ ಹೇಳದಿದ್ದರೂ.

ಈಗ ಕವಾಯತಿನಲ್ಲಿ ತಮ್ಮ ನಿಲ್ಲುತ್ತಾನೆ, ಅಕ್ಕ ಓಡುತ್ತಾಳೆ. ಮಗ ಸೈನಿಕ, ಮಗಳು ಅವನ ಎಡಗಾಲು ಎಂದು ಅಮ್ಮ ಹೇಳಿಕೊಂಡರೆ, ಕೆಲಸ ಕಾಯಂ ಆಯಿತೇ ಎಂದಷ್ಟೇ ನೆರೆಹೊರೆಯವರು ವಿಚಾರಿಸುತ್ತಾರೆ. ಈಚೆಗೆ ಆಯ್ಕೆಗೆ ಬರುವ ಹುಡುಗರೆಲ್ಲ ಅಕ್ಕಂದಿರ ಸಮೇತ ಬರುತ್ತಿದ್ದಾರೆ. ಅಕ್ಕ ಇಲ್ಲದವರನ್ನು ವೈದ್ಯರು ಅಂಗ ಊನವೆಂದು ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಅವರೂ ತಕರಾರು ಮಾಡದೆ, ಆಗಲಿ ಸಾರ್ ಎಂದು ಕುಂಟುತ್ತಾ ಹೋಗುತ್ತಾರೆ.