ಭಾವನ ಮುಚ್ಚಳವಿಲ್ಲದ ಶಾಫ್ಟು

ಡಿಪ್ಲೊಮಾ ಕಾಲೇಜಿನಲ್ಲಿ ತಿರುಗುವ ಗಾಲಿಗಳ ಪಾಠ ಮಾಡುವವನಿಗೆ ಮೆಕ್ಕೆಜೋಳ ಒಕ್ಕುವ ಯಂತ್ರ ಇಟ್ಟ ಭಾವ ಇದ್ದರೆ, ವರ್ಷಕ್ಕೆ ಒಂದೆರಡಾದರೂ ಇಂಥವು ನಡೆದೇ ತೀರುತ್ತವೆ.

ನ್ಯಾಮತಿಯ ಭಾವ ಸುಗ್ಗಿಯಲ್ಲಿ ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಊರೂರು ಅಲೆಯುತ್ತಾರೆ. ತೆನೆ ಹಾಕುವವಳು ನಮ್ಮಕ್ಕ. ಟ್ರ್ಯಾಕ್ಟರಿನಿಂದ ಯಂತ್ರಕ್ಕೆ ಹೋಗುವ ಕಬ್ಬಿಣದ ಶಾಫ್ಟು ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ, ಪಕ್ಕದಲ್ಲೇ ಅಕ್ಕನ ಸೆರಗು. ನಮ್ಮ ಚಿಕ್ಕಪ್ಪನ ಬಲಗೈ ಮೊಣಕೈವರೆಗೆ ಹೋದದ್ದು ಇಂಥದ್ದಕ್ಕೇ ಸಿಕ್ಕಿ. ಅದನ್ನು ಕಣ್ಣಾರೆ ಕಂಡವನು ನಾನು. ಆ ಶಾಫ್ಟಿಗೊಂದು ಮುಚ್ಚಳ ಹಾಕಿಸಿ ಅಂತ ಭಾವನ ಬೆನ್ನು ಹತ್ತಿ ನಾಲ್ಕು ವರ್ಷವಾಯಿತು.

ಹೊನ್ನಾಳಿ

ಕಣದಲ್ಲಿ ಯಂತ್ರದೊಳಗೆ ತೆನೆ ಸಿಕ್ಕಿಕೊಂಡಿತು. ಕೂಲಿಯವರೊಬ್ಬರು ಗೇರು ಬಿಡಿಸಿ ತಕ್ಷಣ ಕೈ ಹಾಕಿದರು. ಗೇರು ಬಿಡಿಸಿದರೂ ಭಾರದ ಗಾಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಅದಕ್ಕೆ ನಮ್ಮ ಅವಸರ ಗೊತ್ತಿಲ್ಲ. ಬೆರಳಿನ ತುದಿ ಹೋಯಿತು. ನಾನೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಬ್ಯಾಂಡೇಜ್ ಕಟ್ಟಿಸಿಕೊಂಡ ಮೇಲೆ ಅವರು ಕೇಳಿದರು: "ಬಂದ್ ಮಾಡಿದ್ಮೇಲೂ ಕಡೀತಲ್ರೀ ಸಾರ್, ಮಿಷನ್ನು ಇನ್ನೂ ಗ್ಯಾರಂಟಿ ಒಳಗೆ ಐತೇನ್ರೀ?"

ನ್ಯಾಮತಿ

ಇನ್ನು ಭಾವನನ್ನು ನಂಬಿ ಫಲವಿಲ್ಲವೆಂದು ದಾವಣಗೆರೆಯಿಂದ ನಾನೇ ಮುಚ್ಚಳ ತಂದುಕೊಟ್ಟೆ. ಶಾಫ್ಟಿನ ಮೇಲೆ ಕೊಳವೆಯಂತೆ ಕೂರುವ ಗಟ್ಟಿ ಪ್ಲಾಸ್ಟಿಕ್. ತಿಂಗಳು ಬಿಟ್ಟು ಹೋದರೆ ಶಾಫ್ಟು ಮೊದಲಿನಂತೆ ಬೆತ್ತಲೆ. ಗ್ರೀಸ್ ಹಚ್ಚಾಕೆ ಅಡ್ಡ ಬರ್ತಿತ್ತಂತೆ. ಹಿತ್ತಿಲಲ್ಲಿ ಬಚ್ಚಲ ನೀರು ನನ್ನ ಮುಚ್ಚಳದೊಳಗಿಂದ ತೆಂಗಿನ ಬುಡಕ್ಕೆ ಹರಿಯುತ್ತಿತ್ತು. ಯಾರ ಸೆರಗು ಉಳಿಯಲಿ ಅಂತ ತಂದಿದ್ದೆನೋ ಆ ಅಕ್ಕನೇ ಹೇಳಿದಳು: "ಭಾಳ ಗಟ್ಟಿ ಪೈಪು ತಂದಿದ್ದೀಯಪ್ಪ. ಒಂದು ಮೊಳ ಸಾಲ್ದು, ಇನ್ನೊಂದು ತಗೊಂಡ್ ಬಾ."

ಚನ್ನಗಿರಿ

ಒಂದೇ ಬೆಲ್ಟಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ಹಾಕುವಷ್ಟರಲ್ಲಿ ಅದರರ್ಧ ಅಳತೆಯದು ಎರಡು ಸುತ್ತು ಹಾಕುತ್ತದೆ ಅಂತ ಊಟದ ಹೊತ್ತಿನಲ್ಲಿ ಬಾಯಿ ತಪ್ಪಿ ಹೇಳಿದ್ದೆ. ಭಾವ ಕೆಲಸ ಬೇಗ ಮುಗಿಯಲಿ ಅಂತ ಯಂತ್ರಕ್ಕೆ ಸಣ್ಣ ಗಾಲಿ ಹಾಕಿಸಿಬಿಟ್ಟರು. ಉಬ್ರಾಣಿ ಕಡೆಯ ಹೊಲದಲ್ಲಿ ಯಂತ್ರ ಗಡಗಡ ನಡುಗಿ, ಒಳಗಿನ ಬೋಲ್ಟೊಂದು ಕಿತ್ತು, ಅಕ್ಕನ ಕಿವಿಯ ಪಕ್ಕದಿಂದ ಹಾರಿ ದನದ ಕೊಟ್ಟಿಗೆಯ ತಗಡಿನಲ್ಲಿ ತೂತು ಮಾಡಿತು. ಸುದ್ದಿ ಕೇಳಿ, ಆ ಗಾಲಿ ತೆಗೆಸಿ ಅಂತ ಫೋನು ಮಾಡಿದೆ. ಭಾವ ಮಾತ್ರ ಫೋನಿನಲ್ಲಿ ಹಿಗ್ಗುತ್ತಿದ್ದರು: "ನಿನ್ನ ಪಾಠ ನೂರಕ್ಕೆ ನೂರು ಖರೇ ಐತೆ ಮೇಷ್ಟ್ರೇ!" ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಪಾಠವನ್ನು ಬದುಕಿನಲ್ಲಿ ಬಳಸಿದ ಶಿಷ್ಯ ಇವರೊಬ್ಬರೇ.

ಜಗಳೂರು

ಭಾವನ ಮಗಳಿಗೆ ಜಗಳೂರಿನ ಸಂಬಂಧ ಕುದುರಿತ್ತು. ಬೀಗರ ಹೊಲದಲ್ಲೇ ಒಕ್ಕಣೆ, ಬೀಗ್ತಿಯೂ ಬುತ್ತಿ ಹೊತ್ತು ಬಂದಿದ್ದರು. ಭಾವ ಬಿಳಿ ಪಂಚೆ ಉಟ್ಟು, ಶಾಫ್ಟು ತಿರುಗುತ್ತಿರುವಾಗಲೇ ಅದನ್ನು ದಾಟಲು ಹೋದರು. ಪಂಚೆಯ ಅಂಚು ಸಿಕ್ಕಿತು. ಭಾವ ಟ್ರ್ಯಾಕ್ಟರಿನ ಮಡ್ಗಾರ್ಡ್ ಅಪ್ಪಿಕೊಂಡು ಕೂಗಿದರು. ಅಕ್ಕ ಹಿಡಿದೆಳೆಯಲು ಓಡಿದಳು, ನಾನು ಅವಳ ರಟ್ಟೆ ಹಿಡಿದು ನಿಲ್ಲಿಸಿದೆ. ಬೀಗರು ಹಾರಿ ಗೇರು ಬಿಡಿಸುವಷ್ಟರಲ್ಲಿ ತೊಡೆಯ ಚರ್ಮ ಸುಲಿದಿತ್ತು. ಪುಣ್ಯಕ್ಕೆ ಪಂಚೆ ಹಳೆಯದು, ಹರಿದು ಪೂರ್ತಿ ಬಿಚ್ಚಿ ಶಾಫ್ಟಿಗೆ ಸುತ್ತಿಕೊಂಡು ಭಾವನನ್ನು ಬಿಟ್ಟಿತ್ತು. ಅಕ್ಕ ಎದೆ ಬಡಿದುಕೊಂಡು ಅಳುತ್ತಿದ್ದಳು, ನಾನೂ ಅತ್ತೆ. ಬೀಗರು ಮುಖ ಆ ಕಡೆ ತಿರುಗಿಸಿ, "ಮದುವೆ ಮಾತು ಆಮೇಲೆ ಆಡಣ, ಮೊದ್ಲು ಇವರಿಗೊಂದು ಟವಲ್ ಕೊಡ್ರವ್ವಾ" ಅಂದರು.

ತೊಡೆಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲೇ ಭಾವ ಕಬ್ಬಿಣದ ಮುಚ್ಚಳ ಮಾಡಿಸಿ ಬೆಸುಗೆ ಹಾಕಿಸಿದರು. "ಅಂತೂ ಜೀವದ ಭಯ ಬಂತಲ್ಲ ಭಾವ" ಅಂದೆ.

"ಜೀವದ್ದು ಬಿಡೋ," ಅಂದರು ಭಾವ. "ಬೀಗ್ತಿ ನೋಡಿಬಿಟ್ಟಳಲ್ಲೋ."